ಹೊಡೆದು ಹಾಕಿದ ಮೊದಲ ಸಾಲು

ಗಂಗಾವತಿಯ ಒಂದು ಅಕ್ಕಿ ಮಿಲ್ಲಿನ ಅಂಗಳದಲ್ಲಿ, ಲಾರಿ ತೂಗುವ ಕಾಟಾದ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಎಡಗೈಯಲ್ಲಿ ಹಾಳೆ ಸಿಕ್ಕಿಸಿದ ರಟ್ಟು, ಬಲಗೈಯಲ್ಲಿ ಪೆನ್ಸಿಲು. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಈ ಸಮಯ ಕಾಟಾ ಕೋಣೆಯ ಗೋಡೆ ಗಡಿಯಾರದ್ದು. ನನ್ನ ಕೈಗಡಿಯಾರ ಎರಡು ನಿಮಿಷ ಮುಂದಿತ್ತು. ಬೇಸಿಗೆ ಬೆಳೆಯ ಭತ್ತ ಬರುವ ದಿನಗಳಾದ್ದರಿಂದ ಗೇಟಿನಿಂದ ರಸ್ತೆಯವರೆಗೆ ಲಾರಿಗಳು ನಿಂತಿದ್ದವು. ನನ್ನ ಎದುರಿಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಫೋನು. ಫೋನಿಗೂ ಚಾರ್ಜರಿಗೂ ನಡುವೆ ಬೆರಳುದ್ದದ ಒಂದು ಮೀಟರು.

ಆ ಜಾಗ ಮತ್ತು ಹೊತ್ತು ಇವೆರಡರ ಬಗ್ಗೆ ನನಗೆ ಸಂಶಯವಿಲ್ಲ. ಉಳಿದುದರ ಬಗ್ಗೆ ಇವತ್ತಿಗೂ ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಿರುತ್ತಾರೆ, ‘ಕೆಲಸ ಹೆಂಗಿರತೈತ್ರಿ ಸರ?’ ಎಂದು. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಎರಡು ಸಲ ನಿವೃತ್ತನಾದವನು. ಮೊದಲನೆಯದು ಕೊಪ್ಪಳದ ವಿದ್ಯುತ್ ಇಲಾಖೆಯಿಂದ. ಅಲ್ಲಿ ಮೀಟರ್ ಪರೀಕ್ಷೆ ನನ್ನ ಕೆಲಸ. ಮೀಟರು ಜೋರಾಗಿ ಓಡುತ್ತದೆ ಎಂದು ಜನ ದೂರು ಕೊಟ್ಟರೆ ಅದನ್ನು ಬಿಚ್ಚಿ ತಂದು ಮೇಜಿನ ಮೇಲೆ ಓಡಿಸಿ ನೋಡುವುದು. ಹಳೆಯ ಮೀಟರಿನೊಳಗೆ ಒಂದು ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತು. ಅದರ ಅಂಚಿಗೆ ಒಂದು ಕಪ್ಪು ಗುರುತು. ಗುರುತು ಎದುರಿಗೆ ಬಂದಾಗ ಕೈಯಲ್ಲಿನ ಸ್ಟಾಪ್ ವಾಚ್ ಒತ್ತಬೇಕು, ಇಷ್ಟು ಸುತ್ತಿಗೆ ಎಷ್ಟು ಸೆಕೆಂಡು ಎಂದು ಬರೆಯಬೇಕು. ಸೇರಿದ ಮೊದಲ ವಾರ ನನ್ನ ಮೇಲಧಿಕಾರಿ ನನ್ನ ಮಣಿಕಟ್ಟು ಹಿಡಿದು ಹೇಳಿದ್ದರು: ‘ತಮ್ಮಾ, ಮೊದಲನೇ ಸುತ್ತು ಲೆಕ್ಕಕ್ಕಿಲ್ಲ. ತಟ್ಟಿ ಆಗ ಇನ್ನೂ ನಿದ್ದಿಗಣ್ಣಾಗ ಇರತೈತಿ. ಅದನ್ನ ಬಿಟ್ಟು ಎಣಿಸು.’ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮೊದಲ ಸುತ್ತನ್ನು ಬಿಟ್ಟೇ ಎಣಿಸಿದೆ. ಆ ಮಾತು ಆ ಕೆಲಸಕ್ಕೆ ಸರಿಯಾದ ಮಾತು. ಅದನ್ನು ಇಲ್ಲಿ ಖಚಿತವಾಗಿ ಬರೆದಿಡುತ್ತೇನೆ.

ಪಿಂಚಣಿ ಶುರುವಾದ ಎರಡನೇ ತಿಂಗಳು ಅಮರೇಶ ಮನೆಗೆ ಬಂದ. ನನ್ನ ಸಹೋದ್ಯೋಗಿಯೊಬ್ಬರ ಮಗ. ಭಾಗ್ಯನಗರದಲ್ಲಿ, ಕೂದಲು ಹದಮಾಡುವ ಒಂದು ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಕಚೇರಿ ತೆಗೆದಿದ್ದ. ಫೋನಿನಲ್ಲಿ ಬರುವ ಜಾಹೀರಾತುಗಳನ್ನು ಅಳೆಯುವ ಕೆಲಸ ಎಂದ.

‘ಅಳಿಯೂದಂದ್ರ? ಉದ್ದ ಅಗಲ ಏನು?’

‘ಅಲ್ರಿ ಸರ. ಒಂದು ಜಾಹೀರಾತು ಒಂದ್ ಸಲ ಕಂಡ್ರ ಎಷ್ಟು ಗ್ರಾಂ ಇಂಗಾಲ ಗಾಳಿಗಿ ಹೋಗತೈತಿ ಅಂತ.’

ನನ್ನ ಹೆಂಡತಿ ಚಹಾ ತಂದಿಟ್ಟವಳು ಅಲ್ಲೇ ನಿಂತಳು. ‘ಫೋನಿನ್ಯಾಗ ಹೊಗಿ ಎಲ್ಲಿಂದ ಬರತೈತೋ ಅಮರೇಶಾ?’

‘ಫೋನಿನ್ಯಾಗ ಅಲ್ರಿ ಕಾಕಿ, ಕರೆಂಟ್ ಮಾಡೋ ಕಡೆ.’

‘ಹಂಗಾರ ಅಲ್ಲೇ ಹೋಗಿ ಅಳೀರಿ,’ ಎಂದು ಒಳಗೆ ಹೋದಳು.

ಕೆಲಸ ಹೀಗಿತ್ತು. ಸಾಮಾನ್ಯ ಜಾಹೀರಾತೆಂದರೆ ಒಂದು ಚಿತ್ರ, ಎರಡು ಸಾಲು. ನಮ್ಮ ಬಳಿ ಬರುತ್ತಿದ್ದವು ಹೇಳಿ ಮಾಡಿಸಿದವು: ಬೆರಳಿನಿಂದ ತಿಕ್ಕಿದರೆ ಒಳಗಿನದು ಕಾಣುವಂಥವು, ಫೋನು ಅಲುಗಿಸಿದರೆ ಅಲುಗುವಂಥವು, ಸೀರೆಯ ಸೆರಗು ಎಳೆದರೆ ಬಣ್ಣ ಬದಲಾಗುವಂಥವು. ಪ್ರತಿಯೊಂದನ್ನೂ ಒಂದು ಫೋನಿನಲ್ಲಿ ಮೂವತ್ತೊಂದು ಸಲ ತೆರೆಯುವುದು. ಪ್ರತಿ ಸಲಕ್ಕೂ ಹಾಳೆಯಲ್ಲಿ ಒಂದು ಸಾಲು. ಸಾಲಿಗೆ ಎರಡು ಅಂಕಿ: ಫೋನು ಎಳೆದ ಕರೆಂಟು, ಮತ್ತು ದೂರದಿಂದ ಇಳಿದು ಬಂದ ಡೇಟಾ. ಡೇಟಾ ಇಳಿಸಲು ದೂರದ ಯಂತ್ರಗಳೂ ಟವರುಗಳೂ ಕರೆಂಟು ತಿನ್ನುತ್ತವಲ್ಲ, ಅದಕ್ಕೆ. ಎರಡನ್ನೂ ಕೂಡಿಸಿ, ಒಂದು ಯೂನಿಟ್ಟಿಗೆ ಇಷ್ಟು ಇಂಗಾಲ ಎಂಬ ಗುಣಕದಿಂದ ಗುಣಿಸಿದರೆ ಗ್ರಾಮು ಸಿಗುತ್ತದೆ. ಕಡಿಮೆ ಬಂದ ಜಾಹೀರಾತಿಗೆ ‘ಹಗುರ’, ಹೆಚ್ಚು ಬಂದದ್ದಕ್ಕೆ ‘ಭಾರ’ ಎಂದು ಬರೆದು ನಾನು ಸಹಿ ಹಾಕಬೇಕು. ವರದಿ ನಮಗೆ ಕೆಲಸ ಕೊಡುವ ಕಂಪನಿಗೆ ಹೋಗುತ್ತಿತ್ತು. ಭಾರ ಎಂದರೆ ಆ ಜಾಹೀರಾತು ಅಲ್ಲಿಗೇ ನಿಂತಿತು.

ಮೂವತ್ತೊಂದು ಯಾಕೆ ಎಂದು ನೀವು ಕೇಳಬೇಕು. ಕೆಲಸದ ಕ್ರಮ ಬರೆಯುವ ದಿನ ಅಮರೇಶ ನನ್ನನ್ನೇ ಕೇಳಿದ್ದ, ‘ಸರ, ಮೀಟರ್ ಹೆಂಗ ಟೆಸ್ಟ್ ಮಾಡ್ತಿದ್ರಿ?’ ನಾನು ಹೇಳಿದೆ. ಅವನು ಹಾಗೆಯೇ ಬರೆದುಕೊಂಡ: ಮೂವತ್ತೊಂದು ಸಲ ತೆರೆಯುವುದು, ಮೊದಲ ಸಾಲನ್ನು ಪೆನ್ಸಿಲಿನಿಂದ ಹೊಡೆದು ಹಾಕುವುದು, ಉಳಿದ ಮೂವತ್ತರ ಸರಾಸರಿ.

ಆರಂಭದ ತಪ್ಪುಗಳನ್ನೂ ಮುಚ್ಚಿಡುವುದಿಲ್ಲ. ಕುಷ್ಟಗಿಯಲ್ಲಿ ಒಂದು ಏಪ್ರಿಲ್ ಮಧ್ಯಾಹ್ನ ಪತ್ರಾಸಿನ ತಗಡಿನ ಚಪ್ಪರದ ಕೆಳಗೆ ಕುಳಿತು ಅಳೆದೆ. ಅದೇ ಜಾಹೀರಾತು, ಅದೇ ಫೋನು, ಆದರೆ ಭಾಗ್ಯನಗರಕ್ಕಿಂತ ತೀರಾ ಕಡಿಮೆ ಅಂಕಿ ಬಂತು. ಅಮರೇಶನಿಗೆ ಸಂಭ್ರಮ. ವರದಿ ಕಳಿಸುವ ಹೊತ್ತಿಗೆ ಶಬಾನಾ ಹಾಳೆ ನೋಡಿದಳು. ಗಂಗಾವತಿಯ ಹುಡುಗಿ. ಅಳೆಯುವುದರ ಜೊತೆಗೆ ಕೆಲವು ಜಾಹೀರಾತುಗಳನ್ನು ನಮ್ಮ ಕಚೇರಿಯೇ ಮಾಡಿಕೊಡುತ್ತಿತ್ತು, ಆ ಕೆಲಸಕ್ಕೆ ಇದ್ದವಳು ಅವಳೊಬ್ಬಳೇ. ತಂದೆ ತೀರಿಕೊಂಡ ಮೇಲೆ ಅವಳ ಸಂಬಳದ ಮೇಲೆ ಮನೆ ನಡೆಯುತ್ತಿತ್ತು.

‘ಸರ, ಕುಷ್ಟಗಿ ಗಾಳಿ ಅಷ್ಟ್ ಛಲೋ ಐತೇನ್ರಿ?’

‘ಯಾಕವಾ?’

‘ಫೋನ್ ಮುಟ್ಟಿ ನೋಡಿದ್ರೇನು? ಬಿಸಿಲಿಗೆ ಅದಕ್ಕ ಜ್ವರ ಬಂದಿತ್ತು. ಜ್ವರ ಬಂದ್ರ ಅದು ತನ್ನ ದೀಪ ತಾನ ಸಣ್ಣ ಮಾಡಿಕೊಂತೈತಿ. ನೀವು ಮಲಗಿದವರ್ನ ತೂಗಿ ತಂದೀರಿ.’

ಅಂದಿನಿಂದ ಹಾಳೆಯ ತಲೆಯಲ್ಲಿ ಉಷ್ಣಾಂಶ ಬರೆಯತೊಡಗಿದೆವು.

ಯಲಬುರ್ಗಾದಲ್ಲಿ ಬೇರೆ ಗೊಂದಲ. ಅಲ್ಲಿನ ಎರೆಹೊಲಗಳಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ತಿರುಗುತ್ತವೆ. ಅವುಗಳ ಕೆಳಗಿನ ಒಂದು ಚಹಾ ಅಂಗಡಿಯಲ್ಲಿ ಮೀಟರು ಹಚ್ಚಿ ಕುಳಿತಿದ್ದೆ. ಅಂಗಡಿಯ ಹೆಣ್ಣುಮಗಳು ಏನು ಮಾಡುತ್ತಿದ್ದೀರೆಂದು ಕೇಳಿದಳು, ಹೇಳಿದೆ. ಅವಳು ತಲೆ ಎತ್ತಿ ರೆಕ್ಕೆ ನೋಡಿದಳು, ನನ್ನ ಹಾಳೆ ನೋಡಿದಳು. ‘ನಮ್ಮೂರ ಗಾಳಿ ಕರೆಂಟಿಗೂ ಹೊಗಿ ಹಚ್ಚತೀರೇನ್ರಿ?’ ನಮ್ಮ ಗುಣಕ ಇಡೀ ದೇಶಕ್ಕೆ ಒಂದೇ. ನಾನು ಇನ್ನೊಂದು ಚಹಾ ಹೇಳಿದೆ.

ಇಷ್ಟಾದರೂ ನನಗೆ ನನ್ನ ಹಾಳೆಗಳ ಮೇಲೆ ನಂಬಿಕೆಯಿತ್ತು. ಎರಡನೇ ಸಾಲಿನಿಂದ ಮೂವತ್ತೊಂದನೆಯದರವರೆಗೆ ಡೇಟಾ ಅಂಕಿ ಅತಿ ಸಣ್ಣದು, ಅದೂ ಒಂದೇ ಥರ. ಮೀಟರ್ ಕೆಲಸ ಮಾಡಿದವನ ಕಣ್ಣಿಗೆ ಒಂದೇ ಥರ ಬರುವ ಅಂಕಿಗಿಂತ ಚೆಂದದ್ದು ಯಾವುದೂ ಇಲ್ಲ. ಅಷ್ಟು ಸಣ್ಣದು ಯಾಕೆ ಎಂದು ಮೂರು ವರ್ಷದಲ್ಲಿ ಒಂದು ಸಲವೂ ನಾನು ಕೇಳಿಕೊಳ್ಳಲಿಲ್ಲ. ಇದು ನನ್ನ ತಪ್ಪೊಪ್ಪಿಗೆ.

ನಾಲ್ಕನೇ ವರ್ಷ ಗಂಗಾವತಿಯ ಆ ಮಿಲ್ಲಿನವರ ಜಾಹೀರಾತು ಬಂತು. ಪರದೆಯ ಮೇಲೆ ಭತ್ತದ ರಾಶಿ. ಬೆರಳಿನಿಂದ ಉಜ್ಜಿದರೆ ಹೊಟ್ಟು ಹಾರಿ ಬಿಳಿ ಅಕ್ಕಿ ಕಾಣಬೇಕು. ಎರಡು ಬಗೆಯಲ್ಲಿ ತಯಾರಾಯಿತು. ಒಂದು ಹೊರಗಿನವರು ಮಾಡಿದ್ದು, ವಿಡಿಯೊ ಹಾಕಿದ್ದು. ಇನ್ನೊಂದು ಶಬಾನಾಳದ್ದು. ಅದರಲ್ಲಿ ವಿಡಿಯೊ ಇರಲಿಲ್ಲ. ಹೊಟ್ಟಿನ ಒಂದೊಂದು ಚೂರನ್ನೂ ಫೋನೇ ಆ ಕ್ಷಣದಲ್ಲಿ ಬರೆಯುವಂತೆ ಸೂಚನೆ ಕೊಟ್ಟಿದ್ದಳು. ಮೂರು ತಿಂಗಳ ಕೆಲಸ. ಊದಿದರೆ ಹೊಟ್ಟು ಹಾರುತ್ತಿತ್ತು ಕೂಡ. ‘ನಮ್ಮಮ್ಮ ಮೊರದಾಗ ಕೇರಿದಂಗ ಆಗೇತಿಲ್ರಿ ಸರ?’ ಎಂದು ಕೇಳಿದ್ದಳು. ಆಗಿತ್ತು.

ನಾನು ಅಳೆದೆ. ಸರಾಸರಿಯಲ್ಲಿ ವಿಡಿಯೊದ್ದು ಹಗುರ, ಅವಳದ್ದು ಭಾರ. ಸುಮಾರು ಒಂದೂವರೆ ಪಟ್ಟು. ಹೊಟ್ಟು ಬರೆಯಲು ಫೋನು ಪ್ರತಿ ಸಲವೂ ಹೆಚ್ಚು ಕರೆಂಟು ಎಳೆಯುತ್ತಿತ್ತು.

ಅಮರೇಶ ನನ್ನನ್ನು ಒಳಗೆ ಕರೆದ. ಅವನು ಕೆಟ್ಟವನಲ್ಲ, ಅವನ ಮುಖವೂ ಬಾಡಿತ್ತು. ‘ಸರ, ಈ ಸಲ ಭಾರ ಬಂದ್ರ ನಮ್ಮಲ್ಲಿ ಜಾಹೀರಾತು ಮಾಡ್ಸೂದು ನಿಂದರಸ್ತೀವಿ ಅಂತ ಕಂಪನಿಯವ್ರು ಅಂದಾರ. ಶಬಾನಾನ್ನ ಇಟ್ಕೊಳ್ಳಾಕ ಆಗಂಗಿಲ್ಲ. ಮಿಲ್ಲಿಗೆ ಹೋಗಿ ಜನರ ಫೋನಿನ್ಯಾಗ ಒಮ್ಮೆ ಅಳದು ಬರ್ರಿ. ಅಲ್ಲೂ ಹಿಂಗ ಬಂದ್ರ ಸಹಿ ಹಾಕ್ರಿ.’

ಹಾಗೆ ನಾನು ಆ ಮಂಗಳವಾರ ಅಲ್ಲಿ ನಿಂತದ್ದು. ಶಬಾನಾ ಮನೆಯಿಂದ ನೇರ ಬಂದಿದ್ದಳು. ತನ್ನ ಕೆಲಸ ನನ್ನ ಪೆನ್ಸಿಲಿನ ತುದಿಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಫೋನುಗಳನ್ನು ಒರೆಸಿ ಕೊಡುತ್ತಿದ್ದಳೇ ಹೊರತು ಹಾಳೆಯ ಕಡೆ ನೋಡುತ್ತಿರಲಿಲ್ಲ.

ಮೊದಲ ಫೋನು ಹುಲಿಗೆಪ್ಪನದ್ದು. ಹಮಾಲರ ಮೇಸ್ತ್ರಿ, ಐವತ್ತರ ಆಸುಪಾಸು, ಹೆಗಲ ಮೇಲೆ ಮಡಚಿದ ಗೋಣಿಚೀಲ. ಫೋನಿನ ಗಾಜು ಸೀಳಿತ್ತು. ವಿಡಿಯೊ ಜಾಹೀರಾತು ತೆರೆದೆ. ಮೊದಲ ಸಾಲು: ಡೇಟಾ ಬಹಳ ದೊಡ್ಡ ಅಂಕಿ. ಪೆನ್ಸಿಲಿನಿಂದ ಹೊಡೆದು ಹಾಕಿದೆ. ಎರಡನೆಯದು: ಅಷ್ಟೇ ದೊಡ್ಡದು. ಮೂರನೆಯದೂ ಅಷ್ಟೇ. ಎಂಟನೆಯದಕ್ಕೆ ನಾನು ನಿಲ್ಲಿಸಿದೆ.

‘ಈ ಫೋನ್ ಕೆಟ್ಟೈತಿ.’

‘ಏ, ಯಾಕ್ ಕೆಡತೈತ್ರಿ ಮೀಟರ್ ಸಾಹೇಬ್ರ?’ ಹುಲಿಗೆಪ್ಪನಿಗೆ ಸಿಟ್ಟು ಬಂತು. ‘ಮುಂಜಾನಿ ನನ್ನ ಮಗಳ ಕೂಡ ಮುಖಾ ನೋಡಿ ಮಾತಾಡೀನಿ.’

ಶಬಾನಾ ಫೋನು ತೆಗೆದು ನೋಡಿದಳು. ‘ಕೆಟ್ಟಿಲ್ರಿ ಸರ. ಕಾಕಾ ಮಮ್ಮಗಳ ಫೋಟೋ ತುಂಬ್ಯಾರ. ಒಳಗ ಎಳ್ಳು ಹಾಕಾಕ ಜಾಗಾ ಇಲ್ಲ. ಬ್ಯಾರೆ ಫೋನ್ ಒಮ್ಮೆ ಇಳಿಸಿದ್ದನ್ನ ಒಳಗ ಇಟ್ಕೊಂತಾವ, ಎರಡನೇ ಸಲ ಅದನ್ನ ತೋರಸ್ತಾವ. ಇದಕ್ಕ ಇಟ್ಕೊಳ್ಳಾಕ ಜಾಗಾ ಇಲ್ಲ. ಪ್ರತಿ ಸಲ ಹೊಸದಾಗಿ ಇಳಿಸ್ಕೊಂತೈತಿ.’

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಹಾಳೆ ನೋಡಿದಳು. ನಾನೂ ನೋಡಿದೆ. ಎರಡರಿಂದ ಎಂಟರವರೆಗಿನ ಸಾಲುಗಳು ನಾನು ಹೊಡೆದು ಹಾಕಿದ ಮೊದಲ ಸಾಲಿನಂತೆಯೇ ಇದ್ದವು.

ಹುಲಿಗೆಪ್ಪ ಬಗ್ಗಿ ಬೆರಳಿಟ್ಟ. ‘ಇದನ್ಯಾಕ ಹೊಡದಿರಿ?’

‘ಮೊದಲನೇದು ಲೆಕ್ಕಕ್ಕಿಲ್ಲ.’

‘ಹಂಗಂದ್ರ? ನಾ ಜಾಹೀರಾತು ಒಂದ ಸಲ ನೋಡಾಂವ. ಎರಡನೇ ಸಲ ಯಾಂವ ಹುಚ್ಚ ನೋಡ್ತಾನ? ನಾ ನೋಡಿದ್ದನ್ನ ಹೊಡದು, ನೋಡದ್ದನ್ನ ಬರಕೊಂತೀರಲ್ಲ!’

ಕಾಟಾ ಕೋಣೆಯ ಕಿಟಕಿಯಿಂದ ಸುಬ್ಬಾರಾವ್ ನಕ್ಕರು. ಕಾಟಾ ಗುಮಾಸ್ತರು, ಎಪ್ಪತ್ತು ದಾಟಿದವರು, ಕಾಲುವೆ ಬಂದಾಗ ಆಂಧ್ರದಿಂದ ಬಂದ ಮನೆತನ. ‘ಏಮಯ್ಯಾ ಹುಲಿಗೆಪ್ಪಾ, ಸಾಹೇಬರಿಗೆ ಕಾಟಾ ತೋರಿಸು. ನೋಡಿ ಸರ, ಭತ್ತದ ಲಾರಿ ಎರಡ್ ಸಲ ಕಾಟಾ ಹತ್ತತೈತಿ. ಮೊದಲ ಸಲ ತುಂಬಿ, ಆಮ್ಯಾಲೆ ಖಾಲಿ. ನೀವು ಮೊದಲಿಂದು ಬಿಟ್ಟು ಖಾಲಿ ಲಾರಿ ಮತ್ತೆ ಮತ್ತೆ ತೂಗಿದ್ದೀರಿ. ಭತ್ತ ಎಲ್ಲಿ ಹೋಯ್ತು?’

ಹುಲಿಗೆಪ್ಪ ದೊಡ್ಡದಾಗಿ ನಕ್ಕ. ಶಬಾನಾ ನಗಲಿಲ್ಲ. ನಾನು ರಟ್ಟನ್ನು ಸ್ಟೂಲಿನ ಮೇಲಿಟ್ಟೆ.

ಅಮರೇಶನಿಗೆ ಫೋನು ಮಾಡಿ ಹುಲಿಗೆಪ್ಪನ ಫೋನಿನ ಸಂಗತಿ ಹೇಳಿದೆ.

‘ಸರ, ಆ ಫೋನ್ ಬಿಡ್ರಿ, ಬ್ಯಾರೇದು ತಗೋರ್ರಿ,’ ಎಂದ.

‘ಫೋನಿಂದಲ್ಲ ಅಮರೇಶ. ತಪ್ಪು ನಂದು ಅನಸ್ತೈತಿ.’

‘ನಿಮ್ಮದೇನ್ ತಪ್ಪ್ರಿ?’

‘ಗೊತ್ತಾಗವಲ್ದು.’

ಅದು ಸುಳ್ಳಾಗಿರಲಿಲ್ಲ. ಕಣ್ಣಿಗೆ ಕಂಡಿತ್ತು, ತಲೆಗೆ ಇನ್ನೂ ಹತ್ತಿರಲಿಲ್ಲ. ಅವನು ಹೇಳಿದಂತೆ ಇನ್ನೊಬ್ಬ ಹಮಾಲನ ಫೋನು ತೆಗೆದುಕೊಂಡೆ. ಅದರಲ್ಲಿ ಜಾಗವಿತ್ತು. ಶಬಾನಾಳ ಜಾಹೀರಾತು ತೆರೆದೆ. ಮೊದಲ ಸಾಲು ಬರೆದೆ. ಬರೆದ ಮರುಕ್ಷಣ ಅದನ್ನು ಹೊಡೆದು ಹಾಕಿದೆ.

‘ಸರ,’ ಎಂದಳು ಶಬಾನಾ ಮೆಲ್ಲಗೆ. ‘ನಿಮ್ಮ ಕೈ.’

ನನ್ನ ಕೈಯನ್ನು ನಾನೇ ನೋಡಿದೆ. ಎಲ್ಲ ಕಂಡ ಮೇಲೂ ಅದು ಮೂವತ್ತು ವರ್ಷದ ಕೆಲಸ ಮಾಡಿ ಮುಗಿಸಿತ್ತು. ಆ ದಿನದ ಎಲ್ಲದರಲ್ಲಿ ನನ್ನನ್ನು ಹೆಚ್ಚು ಅಲುಗಿಸಿದ್ದು ಅದೇ. ಉಳಿದ ಸಾಲುಗಳಿಗೆ ನಾನು ಅಂಕಿ ಹೇಳುತ್ತ ಹೋದೆ, ಅವಳು ಬರೆದಳು.

ಮರುದಿನ ಕಚೇರಿಯಲ್ಲಿ ಕಪಾಟು ತೆಗೆದೆ. ಹೊಡೆದು ಹಾಕಿದ ಅಂಕಿಯನ್ನು ಅಳಿಸಬಾರದು, ಒಂದು ತೆಳು ಗೆರೆ ಎಳೆದು ಬಿಡಬೇಕು ಎಂಬುದೂ ಮೀಟರ್ ವಿಭಾಗದ ನಿಯಮ. ಆ ನಿಯಮ ನನ್ನನ್ನು ಉಳಿಸಿತೋ ಸಿಕ್ಕಿಸಿತೋ ಹೇಳಲಾರೆ. ಮೂರು ವರ್ಷದ ಮೊದಲ ಸಾಲುಗಳೆಲ್ಲ ಗೆರೆಯ ಕೆಳಗೆ ಸ್ಪಷ್ಟವಾಗಿ ಓದುವಂತಿದ್ದವು. ಮಿಲ್ಲಿನ ಎರಡು ಜಾಹೀರಾತುಗಳನ್ನು ಮೊದಲ ಸಾಲಿನಿಂದ ಲೆಕ್ಕ ಹಾಕಿದೆ. ಶಬಾನಾಳದ್ದರಲ್ಲಿ ಇಳಿಸಬೇಕಾದ ವಿಡಿಯೊ ಇಲ್ಲವಲ್ಲ, ಈಗ ಅವಳದ್ದು ಹಗುರ, ವಿಡಿಯೊದ್ದು ಭಾರ.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅಮರೇಶ ಎರಡೂ ಹಾಳೆ ಮುಂದಿಟ್ಟುಕೊಂಡ.

‘ಸರ, ಒಬ್ಬ ಮನುಷ್ಯಾ ಅದ ಜಾಹೀರಾತು ದಿನಕ್ಕ ಹತ್ತ್ ಸಲ ನೋಡಿದ್ರ? ಮೊದಲನೇದು ಒಂದ್ ಸಲ, ಉಳಿದ ಒಂಬತ್ತು ನಿಮ್ಮ ಹಳೇ ಲೆಕ್ಕ. ಆಗ ಯಾವುದು ಖರೇ?’

‘ಆಗ ಹಳೇದು ಹತ್ತಿರ ಇರಬಹುದು.’

‘ಒಂದ ಸಲ ನೋಡಿದ್ರ?’

‘ಹೊಸಾದು.’

‘ಜನಾ ಎಷ್ಟ್ ಸಲ ನೋಡ್ತಾರಂತ ಯಾರಿಗ್ ಗೊತ್ತು?’

‘ಹುಲಿಗೆಪ್ಪ ಒಂದ ಸಲ ನೋಡ್ತಾನ. ಅಷ್ಟ ನನಗ ಗೊತ್ತು.’

ನಾನು ಎರಡೂ ಅಂಕಿ ಬರೆದೆ. ಕೆಳಗೆ, ಇಲ್ಲಿಯವರೆಗಿನ ಎಲ್ಲ ವರದಿಗಳಲ್ಲೂ ಮೊದಲ ಸಾಲನ್ನು ನಾನು ಬಿಟ್ಟಿದ್ದೇನೆ, ಅದು ನನ್ನ ಕೈಯ ರೂಢಿ, ಎಂದು ಬರೆದೆ. ಅದಕ್ಕೆ ಸಹಿ ಹಾಕಿದೆ.

‘ಹಿಂಗ ಬರದ್ರ ಯಾರ್ ನಮ್ಮನ್ನ ನಂಬತಾರ್ರಿ?’ ಎಂದ ಅಮರೇಶ.

‘ಬರೀಲಿಲ್ಲಂದ್ರ ನಂಬತಾರ. ಅದ ಅಂಜಿಕಿ.’

ಅವನು ಎರಡು ದಿನ ಇಟ್ಟುಕೊಂಡು ಮೂರನೇ ದಿನ ಕಳಿಸಿದ. ಅದು ಅವನ ದೊಡ್ಡತನ, ಬರೆದಿಡುತ್ತೇನೆ. ಕಂಪನಿಯ ಉತ್ತರ ಒಂದೇ ಸಾಲಿನಲ್ಲಿ ಬಂತು: ಎರಡೂ ಅಂಕಿಗಳ ಸರಾಸರಿ ತೆಗೆದು ಕಳಿಸಿರಿ. ತೆಗೆದೆವು. ಎರಡು ಜಾಹೀರಾತುಗಳೂ ಹೆಚ್ಚುಕಡಿಮೆ ಸಮವಾದವು. ಯಾವುದೂ ಭಾರವಲ್ಲವಾದ್ದರಿಂದ ಯಾವುದನ್ನೂ ನಿಲ್ಲಿಸಬೇಕಾಗಲಿಲ್ಲ. ಶಬಾನಾ ಕೆಲಸದಲ್ಲಿ ಉಳಿದಳು. ನಾನು ಎಷ್ಟು ಸಂತೋಷಪಟ್ಟೆನೋ ಅಷ್ಟೇ ಕಂಗಾಲಾದೆ. ಮೊದಲ ಸಲ ನೋಡುವವರಿದ್ದಾರೆ, ಹತ್ತನೇ ಸಲ ನೋಡುವವರಿದ್ದಾರೆ. ಆ ಸರಾಸರಿಯ ಜಾಹೀರಾತನ್ನು ನೋಡಿದವರು ಒಬ್ಬರೂ ಇಲ್ಲ. ಒಂದು ಮನೆಯ ಒಲೆ ಅದರ ಮೇಲೆ ಉರಿಯಿತು.

ಮುಂದಿನ ನಾಲ್ಕು ತಿಂಗಳು ಹಳೆಯ ಹಾಳೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದೆ. ಹಲವು ತಿರುಗಿಬಿದ್ದವು. ಅವುಗಳಲ್ಲಿ ಒಂದು ಸೀರೆಯ ಸೆರಗಿನ ಜಾಹೀರಾತು. ಮೊದಲ ವರ್ಷದ್ದು, ಭಾರ ಎಂದು ನಾನು ಸಹಿ ಹಾಕಿ ನಿಲ್ಲಿಸಿದ್ದು. ಅದು ಭಾರವಾಗಿರಲಿಲ್ಲ. ಅದನ್ನು ಮಾಡಿದವರು ಯಾರು, ಎಲ್ಲಿದ್ದಾರೆ, ಆಮೇಲೆ ಏನು ಕೆಲಸ ಸಿಕ್ಕಿತು ಎಂದು ಅಮರೇಶನ ಕೈಲಿ ಕೇಳಿಸಿದೆ. ಯಾರಿಗೂ ತಿಳಿಯಲಿಲ್ಲ. ಹಾಳೆಯ ಮೂಲೆಯಲ್ಲಿ ಒಂದು ಹೆಸರಿನ ಮೊದಲಕ್ಷರವಿದೆ, ಅಷ್ಟೇ. ಆ ಹಾಳೆಯನ್ನು ಅಮರೇಶನ ಒಪ್ಪಿಗೆಯಿಂದ ಮನೆಗೆ ತಂದಿಟ್ಟುಕೊಂಡಿದ್ದೇನೆ. ಆ ಕೆಲಸ ಮುಗಿದ ತಿಂಗಳೇ ಎರಡನೇ ನಿವೃತ್ತಿ ಪಡೆದೆ. ಈಗ ಶಬಾನಾ ಅಳೆಯುವುದನ್ನೂ ನೋಡಿಕೊಳ್ಳುತ್ತಾಳೆ. ಮೊದಲ ಸಾಲಿಗೆ ಬೇರೆ ಹಾಳೆ ಮಾಡಿದ್ದಾಳೆ. ಹೊಸಬರಿಗೆ ಪೆನ್ಸಿಲು ಕೊಡುವುದಿಲ್ಲ.

ಇದನ್ನು ಓದಿ, ಮುದುಕ ಇಲ್ಲದ್ದನ್ನು ಬರೆದಿದ್ದಾನೆ ಎನಿಸಿದರೆ, ಕೇಳಲು ಜನರಿದ್ದಾರೆ. ಅಮರೇಶನನ್ನು ಕೇಳಬೇಡಿ, ಅವನು ಫೋನಿನಲ್ಲಿ ಕೇಳಿದವನು, ಕಂಡವನಲ್ಲ. ಕಿಟಕಿಯಿಂದ ಕಂಡ ಸುಬ್ಬಾರಾವ್ ಕಳೆದ ವರ್ಷ ಯುಗಾದಿಯ ಹಿಂದಿನ ವಾರ ತೀರಿಕೊಂಡರು. ಹುಲಿಗೆಪ್ಪ ಇದ್ದಾನೆ. ಅದೇ ಮಿಲ್ಲು. ಬೆನ್ನು ನೋವಿನಿಂದ ಚೀಲ ಹೊರುವುದನ್ನು ಬಿಟ್ಟು ಈಗ ಗೇಟಿನಲ್ಲಿ ಕೂರುತ್ತಾನೆ. ಅದೇ ಫೋನು, ಮೊಮ್ಮಗಳ ಫೋಟೋ ಒಂದನ್ನೂ ಅಳಿಸಿಲ್ಲ. ನಾನು ಮೊದಲ ಸಾಲು ಹೊಡೆದದ್ದನ್ನು ಅವನು ಕಂಡಿದ್ದಾನೆ. ಎಲ್ಲ ಕಣ್ಣಿಗೆ ಬಿದ್ದ ಮೇಲೂ ಎರಡನೇ ಸಲ ಹೊಡೆದದ್ದನ್ನು ಕಂಡವಳು ಶಬಾನಾ ಒಬ್ಬಳೇ. ಭಾಗ್ಯನಗರದ ಅದೇ ಮಹಡಿಯಲ್ಲಿ ಸಿಗುತ್ತಾಳೆ.